ಆಸ್ತಮಾಕ್ಕೆ ನೀಲಿ ಪಂಪ್ (ಇನ್ಹೇಲರ್) ಒಂದನ್ನೇ ಕೊಡುವುದು ನಿಲ್ಲಬೇಕೆ? ಪರ-ವಿರೋಧ

ಪರ: ದಾಳಿಗೆ ಕಾಯುವ ಔಷಧ ಸಾಲದು

ತಿಂಗಳಿಗೊಂದು ನೀಲಿ ಪಂಪ್ ಖಾಲಿ ಮಾಡುತ್ತಿದ್ದ ಕಾಲದಲ್ಲಿ ಯಾರಾದರೂ ಕೇಳಿದರೆ ‘ಆಸ್ತಮಾ ಹತೋಟಿಯಲ್ಲಿದೆ’ ಎನ್ನುತ್ತಿದ್ದೆ. ಉಬ್ಬಸ ಬಂದಾಗ ಎರಡು ಸಲ ಒತ್ತುವುದು, ಐದು ನಿಮಿಷದಲ್ಲಿ ಎದೆ ಹಗುರ, ಮತ್ತೆ ಕೆಲಸ. ವರ್ಷಕ್ಕೆ ಮೂರು ಡಬ್ಬಿ ಬೇಕಾಯಿತೆಂದರೆ ತೀವ್ರ ದಾಳಿಯ ಅಪಾಯ ಹೆಚ್ಚು, 12 ಮುಟ್ಟಿತೆಂದರೆ ಸಾವಿನ ಅಪಾಯವೇ ಹೆಚ್ಚು ಎಂಬುದು ತಿಳಿದದ್ದು ಆಮೇಲೆ. ನನ್ನ ಲೆಕ್ಕ ಸರಿಯಾಗಿ ಹನ್ನೆರಡು.

ಆ ಪಂಪಿನಲ್ಲಿರುವ ಸಾಲ್ಬುಟಮಾಲ್ ಬಿಗಿದ ಶ್ವಾಸನಾಳದ ಸ್ನಾಯುವನ್ನು ನಾಲ್ಕರಿಂದ ಆರು ಗಂಟೆ ಸಡಿಲಿಸುತ್ತದೆ, ಅಷ್ಟೇ. ಧೂಳಿಗೋ ಪರಾಗಕ್ಕೋ ಕೆರಳಿ ನಾಳದ ಒಳಗೋಡೆ ಊದಿಕೊಂಡಿರುತ್ತದಲ್ಲ, ಆ ಊತದ ತಂಟೆಗೆ ಅದು ಹೋಗುವುದಿಲ್ಲ. ಹಂಚು ಒಡೆದಿದೆ, ನಾವು ಕೆಳಗೆ ಬೋಗುಣಿ ಇಟ್ಟು ಮಲಗಿದ್ದೇವೆ. ಊತ ಇಳಿಸುವುದು ಉಸಿರಿನಲ್ಲಿ ಎಳೆಯುವ ಸ್ಟೀರಾಯ್ಡ್. ಅದನ್ನು ದಿನಾ ಎರಡು ಹೊತ್ತು ತೆಗೆದುಕೊಳ್ಳಿ ಎಂದರೆ ಚೆನ್ನಾಗಿರುವ ದಿನ ಯಾರು ತೆಗೆದುಕೊಳ್ಳುತ್ತಾರೆ? ನಾನಂತೂ ಇಲ್ಲ.

ನಮ್ಮಂಥ ಸೋಮಾರಿಗಳಿಗೆ ದಾರಿ ತೋರಿಸಿದ್ದು ನ್ಯೂಜಿಲೆಂಡ್ ಎನ್ನಬಹುದು. 1976ರಿಂದ ಅಲ್ಲಿ ಆಸ್ತಮಾ ಸಾವುಗಳು ದಿಢೀರನೆ ಏರಿದ್ದವು. ಫೆನೋಟೆರಾಲ್ ಎಂಬ ಪಂಪಿನತ್ತ 1989ರಲ್ಲಿ ಬೊಟ್ಟು ಮಾಡಿದ ಸಂಶೋಧಕರಲ್ಲಿ ರಿಚರ್ಡ್ ಬೀಸ್ಲಿ ಒಬ್ಬರು. ಅದರ ಬಳಕೆ ಇಳಿದ ಮೇಲೆ ಸಾವುಗಳೂ ಇಳಿದವು. (ಫೆನೋಟೆರಾಲ್ ಸಾಲ್ಬುಟಮಾಲಿಗಿಂತ ಜೋರು, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ, ಒಪ್ಪಿದೆ.) ಮೂವತ್ತು ವರ್ಷದ ನಂತರ, 2019ರಲ್ಲಿ, ಅದೇ ಬೀಸ್ಲಿ ಮುಂದಾಳತ್ವದ ‘ನಾವೆಲ್ ಸ್ಟಾರ್ಟ್’ ಪ್ರಯೋಗ ಪ್ರಕಟವಾಯಿತು. ಸೌಮ್ಯ ಆಸ್ತಮಾದ 668 ಜನ. ಉಬ್ಬಸ ಬಂದಾಗ ಮಾತ್ರ ಎಳೆಯುವುದು, ಆದರೆ ಎಳೆಯುವುದು ಬ್ಯುಡೆಸೊನೈಡ್-ಫಾರ್ಮೊಟೆರಾಲ್ ಜೋಡಿ. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ನಾಳ ತೆರೆಯುತ್ತದೆ, ಜೊತೆಗೇ ಸ್ಟೀರಾಯ್ಡ್ ಆದ ಬ್ಯುಡೆಸೊನೈಡ್ ಒಳಸೇರುತ್ತದೆ. ನೀಲಿ ಪಂಪಿನವರಿಗಿಂತ ಇವರಿಗೆ ದಾಳಿಗಳು ಸುಮಾರು ಅರ್ಧ. ಅದಕ್ಕೂ ಒಂದು ವರ್ಷ ಮೊದಲೇ, 3,849 ಜನರ ‘ಸಿಗ್ಮಾ 1’ ಪ್ರಯೋಗದಲ್ಲಿ ಇದೇ ಜೋಡಿ, ಬರೀ ನಾಳ ಸಡಿಲಿಸುವ ಪಂಪಿಗೆ ಹೋಲಿಸಿದರೆ, ತೀವ್ರ ದಾಳಿಗಳನ್ನು 64% ಇಳಿಸಿತ್ತು. ದಿನಾ ಸ್ಟೀರಾಯ್ಡ್ ಎಳೆದವರ ದೇಹಕ್ಕೆ ಹೋದದ್ದರ ಆರನೇ ಒಂದು ಪಾಲಿನಷ್ಟೇ ಸ್ಟೀರಾಯ್ಡ್ ಇವರಿಗೆ ಹೋಗಿತ್ತು.

ಜಾಗತಿಕ ಆಸ್ತಮಾ ಮಾರ್ಗಸೂಚಿ ‘ಜಿನಾ’ 2019ರಲ್ಲೇ 12 ವರ್ಷ ದಾಟಿದವರಿಗೆ ಬರೀ ಸಾಲ್ಬುಟಮಾಲ್ ಬೇಡ ಎಂದಿತು. ಮಕ್ಕಳ ಮಾತೇನು ಎನ್ನುತ್ತಿದ್ದವರಿಗೆ 2025ರಲ್ಲಿ ಉತ್ತರ ಬಂತು: 5ರಿಂದ 15 ವರ್ಷದ 360 ಮಕ್ಕಳಲ್ಲಿ ಜೋಡಿ ಪಂಪ್ ದಾಳಿಗಳನ್ನು 45% ತಗ್ಗಿಸಿತು. ಅದೂ ನ್ಯೂಜಿಲೆಂಡಿನದೇ. ಪ್ರಪಂಚದ ಆಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು 13%, ಆಸ್ತಮಾ ಸಾವುಗಳಲ್ಲಿ 42% ಎಂಬ ಅಂದಾಜಿದೆ. ಈ ಎರಡು ಅಂಕಿಗಳ ನಡುವಿನ ಕಂದರದಲ್ಲೇ ನೀಲಿ ಪಂಪ್ ಒಂಟಿಯಾಗಿ ಮಾರಾಟವಾಗುತ್ತಿದೆ.

ವಿರೋಧ: ನಿಲ್ಲಿಸುವ ಮೊದಲು ಕೌಂಟರಿಗೆ ಬನ್ನಿ

ತಾಲ್ಲೂಕು ಊರಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನು ನಾನು. ಮೇಲೆ ಬರೆದವರ ವಿಜ್ಞಾನದ ಜೊತೆ ನನಗೆ ಜಗಳವಿಲ್ಲ. ‘ಜೋಡಿ ಪಂಪ್ ಬರಲಿ’ ಎಂದಿದ್ದರೆ ಕೈಯೆತ್ತುತ್ತಿದ್ದೆ. ‘ಒಂಟಿ ಪಂಪ್ ನಿಲ್ಲಲಿ’ ಎನ್ನುವುದು ಬೇರೆ ಮಾತು.

ನೀಲಿ ಡಬ್ಬಿಯಲ್ಲಿ 200 ಡೋಸ್. ಜೋಡಿಯದರಲ್ಲಿ ಸಾಮಾನ್ಯವಾಗಿ 120, ಬೆಲೆ ಎರಡು ಪಟ್ಟಿಗೂ ಮೇಲೆ. ‘ಪಂಪ್ ಹಿಡಿದರೆ ಬಿಡೋಕಾಗಲ್ಲ’ ಎಂದು ಹೆದರುವವರ ಕೈಗೆ ನೀಲಿಯದನ್ನು ಕೊಡುವಷ್ಟರಲ್ಲೇ ಸಾಕಾಗಿರುತ್ತದೆ. ಇದರಲ್ಲಿ ಸ್ಟೀರಾಯ್ಡ್ ಇದೆ ಎಂದರೆ ಡಬ್ಬಿಯನ್ನು ಕೌಂಟರಿನ ಮೇಲೇ ಬಿಟ್ಟು ‘ಅಣ್ಣಾ, ಮಾತ್ರೇನೇ ಕೊಡಿ’ ಅನ್ನುತ್ತಾರೆ. ಡೆರಿಫಿಲಿನ್ ಮಾತ್ರೆ, ಸಾಲ್ಬುಟಮಾಲ್ ಸಿರಪ್, ಇಲ್ಲದಿದ್ದರೆ ಉಬ್ಬಸ ಕಟ್ಟಿದಾಗೊಂದು ಇಂಜೆಕ್ಷನ್. ಮಾತ್ರೆಯಿಂದ ಪಂಪಿಗೆ ಜನರನ್ನು ಕರೆತರಲು ಒಂದು ತಲೆಮಾರು ಹಿಡಿದಿದೆ. ಕೈಗೆಟುಕುವ ಮೆಟ್ಟಿಲನ್ನೇ ಕಿತ್ತರೆ ಅವರು ಮೇಲೆ ಹತ್ತುತ್ತಾರೋ, ಕೆಳಗಿಳಿಯುತ್ತಾರೋ?

ಇನ್ನೊಂದು ಅಪಾಯವನ್ನು ಪಟ್ಟಣದವರು ಗಮನಿಸಿದಂತಿಲ್ಲ. ‘ಜೋಡಿ ಪಂಪ್’ ಎಂದರೆ ಒಂದೇ ಅಲ್ಲ. ಸಾಲ್ಮೆಟೆರಾಲ್-ಫ್ಲುಟಿಕಾಸೋನ್ ಕೂಡ ಜೋಡಿಯೇ, ನಮ್ಮ ಕಡೆ ಡಾಕ್ಟರು ಅದನ್ನೂ ಸಾಕಷ್ಟು ಬರೆಯುತ್ತಾರೆ. ಸಾಲ್ಮೆಟೆರಾಲ್ ನಿಧಾನದ್ದು, ಉಸಿರು ಕಟ್ಟಿದ ಗಳಿಗೆಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ‘ಹೊಸ ರೂಲು, ನೀಲಿ ಬೇಡ, ಜೋಡಿ ಸಾಕು’ ಎಂಬ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ ಸಾಲ್ಮೆಟೆರಾಲ್ ಇರುವ ಮನೆ ತಲುಪಿದರೆ? ಫಾರ್ಮೊಟೆರಾಲ್ ಇರುವುದಾದರೆ ಮಾತ್ರ ಈ ಪದ್ಧತಿ ಎಂಬ ಷರತ್ತು ಅಷ್ಟು ದೂರ ಹೋಗುವುದಿಲ್ಲ.

ಪ್ರಯೋಗಗಳನ್ನೂ ಪೂರ್ತಿ ಓದೋಣ. ಸಿಗ್ಮಾ 1ರಲ್ಲಿ ಆಸ್ತಮಾ ಚೆನ್ನಾಗಿ ಹತೋಟಿಯಲ್ಲಿದ್ದ ವಾರಗಳು ಜೋಡಿ ಪಂಪಿನವರಿಗೆ 34.4%, ದಿನಾ ಸ್ಟೀರಾಯ್ಡ್ ಎಳೆದವರಿಗೆ 44.4%. ಅಂದರೆ ದಾಳಿ ತಡೆಯುವುದರಲ್ಲಿ ಸರಿಸಮ, ದಿನದಿನದ ಸುಖದಲ್ಲಿ ಹಿಂದೆ. ಅದಕ್ಕೆ ಹಣ ಕೊಟ್ಟದ್ದು ಆ ಜೋಡಿಯನ್ನು ತಯಾರಿಸುವ ಆಸ್ಟ್ರಾಜೆನೆಕಾ. ಫಲಿತಾಂಶ ಸುಳ್ಳೆಂದಲ್ಲ, ನನ್ನಂಗಡಿಗೆ ಬರುವ ಮೆಡಿಕಲ್ ರೆಪ್ ಹೇಳುವುದನ್ನೂ ನಾನು ಹೀಗೇ ಎರಡು ಸಲ ಕೇಳಿಸಿಕೊಳ್ಳುತ್ತೇನೆ.

ಹಾಗಾದರೆ ಬೇರೆ ದಾರಿಯೇ ಇಲ್ಲವೆ? ಇದೆ, ನನ್ನ ಕಪಾಟಿನಲ್ಲೇ. ಲೆವೊಸಾಲ್ಬುಟಮಾಲ್ (ಸಾಲ್ಬುಟಮಾಲಿನದೇ ಒಂದು ರೂಪ) ಜೊತೆ ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆಸಿದ ಪಂಪ್ ನಮ್ಮಲ್ಲಿ ಬಹಳ ಕಾಲದಿಂದ ಮಾರಾಟದಲ್ಲಿದೆ. ಇದೇ ಬಗೆಯ ಬೆರಕೆಯನ್ನು ಬೇಕಾದಾಗ ಮಾತ್ರ ಎಳೆಯುವ ಪ್ರಯೋಗ ಇಟಲಿಯವರ ನೇತೃತ್ವದಲ್ಲಿ 2007ರಲ್ಲೇ ನಡೆದಿತ್ತು, ಫಲ ಚೆನ್ನಾಗಿಯೇ ಇತ್ತು. 2025ರಲ್ಲಿ ಸಾಲ್ಬುಟಮಾಲ್-ಬ್ಯುಡೆಸೊನೈಡ್ ಪ್ರಯೋಗದಲ್ಲೂ ತೀವ್ರ ದಾಳಿಯ ಅಪಾಯ 47% ಇಳಿಯಿತು. ನಮ್ಮ ಹಳೇ ಪಂಪನ್ನು ನಮ್ಮವರ ಮೇಲೇ ಪರೀಕ್ಷಿಸಿ ನೋಡಲಿ. ಅದು ಗೆದ್ದರೆ ನೀಲಿ ಡಬ್ಬಿಯನ್ನು ನಾನೇ ಹಿಂದಿನ ಸಾಲಿಗೆ ತಳ್ಳುತ್ತೇನೆ.

ಅಲ್ಲಿಯವರೆಗೆ ರಾತ್ರಿ ಹತ್ತಕ್ಕೆ ಶಟರ್ ಎಳೆಯುವಾಗ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಮಾಸಿದ ಚೀಟಿ ಚಾಚಿ, ಇನ್ನೂರು ರೂಪಾಯಿ ಎಣಿಸುವ ತಂದೆಗೆ ಕೊಡಲು ನನ್ನ ಬಳಿ ಇರುವುದು ಅದೊಂದೇ.