ರೊಟ್ಟಿ ಬಡಿಯುವ ಸಪ್ಪಳ

ಮನೆಯವರಿಗೆ ದಿನಕ್ಕೊಮ್ಮೆಯಾದರೂ ಥ್ಯಾಂಕ್ಸ್ ಹೇಳಿ ಅಂತ ಒಬ್ಬರು ಬರೆದಿದ್ದರು. ಓದಿ ನಗು ಬಂತು. ನಮ್ಮ ಗದಗಿನಲ್ಲಿ ಅವ್ವನಿಗೆ ಹಾಗೆ ಅಂದರೆ, "ಯಾಕೋ, ಆರಾಮ ಇಲ್ಲೇನು?" ಅಂತ ಹಣೆ ಮುಟ್ಟಿ ನೋಡುತ್ತಾಳೆ!

ನಾನು ಕೆಲಸಕ್ಕೆ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುವವನು, ಸುಮಾರು 60 ಕಿಲೋಮೀಟರ್. ನಸುಕಿನಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಎಚ್ಚರ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಚಟ್ನಿಗೆ ಖಾರ ಜಾಸ್ತಿ ಅಂತ ಎಷ್ಟು ಸಲ ಜಗಳ ಮಾಡಿದ್ದೇನೋ. ಹೋದ ತಿಂಗಳು ಅವಳ ಕೈ ಉಳುಕಿತು. ಎಂಟು ದಿನ ಅಲಾರಾಂ ಇಟ್ಟು ಎದ್ದೆ. ಮನೆ ಭಣಭಣ ಅನ್ನುತ್ತಿತ್ತು.

ಮೊನ್ನೆ ಮತ್ತೆ ಸಪ್ಪಳ ಕೇಳಿಸಿತು. ಏನೂ ಹೇಳಲಿಲ್ಲ, ಸುಮ್ನೆ ಒಲೆ ಹತ್ತಿರ ಹೋಗಿ ಕೂತೆ. "ತಾಟು ತಗೋ" ಅಂದಳು.