ಶುಗರಿನ ಮಾತ್ರೆಗೆ ಅಧಿಕ ಚಾರ್ಜ್

ಮೊನ್ನೆ ಬದಿಯಡ್ಕದ ಹತ್ತಿರ ಒಂದು ಉಪನಯನದ ಊಟಕ್ಕೆ ಹೋಗಿದ್ದೆ. ಹೋಳಿಗೆ ಎರಡನೇ ಸಲ ಬರುತ್ತಾ ಇತ್ತು. ಅದರ ಹಿಂದೆಯೇ ಕಾಯಿಹಾಲು. ಪಕ್ಕದಲ್ಲಿ ಕುಳಿತಿದ್ದ ಭಾವ ಎಡಗೈಯಲ್ಲಿ ಕಿಸೆ ತಡಕಿ ಒಂದು ಸ್ಟ್ರಿಪ್ ತೆಗೆದರು. ಹೆಬ್ಬೆರಳಿನಲ್ಲಿ ಒತ್ತಿದರು. ಬಿಳಿ ಮಾತ್ರೆ ಟಪ್ ಅಂತ ಹಾರಿ ಬಾಳೆಲೆಯ ತುದಿಗೆ, ಉಪ್ಪಿನಕಾಯಿಯ ಪಕ್ಕ ಬಿತ್ತು. ಒರೆಸಿಕೊಂಡು ನುಂಗಿದರು.

“ಭಾವ, ನಿಮಗೆ ಶುಗರ್ ಯಾವಾಗ ಬಂತು?”

“ನನಗೆ ಎಂತ ಶುಗರ್ ಮಾರಾಯ? ಇದು ಗಂಟುಬೇನೆಗೆ.”

ಸ್ಟ್ರಿಪ್ ತಿರುಗಿಸಿ ನೋಡಿದೆ. ಮೆಟ್‌ಫಾರ್ಮಿನ್ 500. ಶುಗರಿನ ಮಾತ್ರೆಯೇ.

ಎದುರಿನ ಸಾಲಿನಲ್ಲಿ ಚಿಕ್ಕಮ್ಮ ಪರ್ಸಿನ ಜಿಪ್ ಎಳೆದರು. ಅದೇ ಮಾತ್ರೆ. ಅವರದ್ದು ಪ್ರಾಯ ನಿಲ್ಲಿಸಲಿಕ್ಕೆ ಅಂತೆ. 72ರಲ್ಲಿ ನಿಲ್ಲಿಸಿ ಎಂತ ಪ್ರಯೋಜನ ಅಂತ ಕೇಳುವ ಧೈರ್ಯ ನನಗಿಲ್ಲ. ಬೆಂಗಳೂರಿನಿಂದ ಬಂದ ಅಳಿಯನದ್ದು ಹೊಟ್ಟೆ ಕರಗಿಸಲಿಕ್ಕೆ. ಇಡೀ ಸಾಲಿನಲ್ಲಿ ನಿಜವಾಗಿ ಶುಗರ್ ಇದ್ದದ್ದು ನಿವೃತ್ತ ಮಾಷ್ಟ್ರು ಒಬ್ಬರಿಗೆ. ಅವರು ಮಾತ್ರೆಯನ್ನು ಮನೆಯಲ್ಲೇ ಮರೆತು ಬಂದಿದ್ದರು. “ಒಂದು ಉಂಟಾ?” ಅಂತ ಆಚೆ ಈಚೆ ಕೇಳಿದರು. ಯಾರೂ ಕೊಡಲಿಲ್ಲ. ಎಲ್ಲರೂ ಎಣಿಸಿ ತಂದದ್ದು. ಮಾಷ್ಟ್ರು ಸುಮ್ನೆ ಹೋಳಿಗೆ ಹಾಕಿಸಿಕೊಂಡರು. ಎರಡು.

ಕಾಸರಗೋಡಿನವರಿಗೆ ಈ ವ್ಯವಸ್ಥೆ ಹೊಸತಲ್ಲ. ಇಲ್ಲಿ ಸರಕಾರಿ ಕಚೇರಿಯಲ್ಲಿ ಕುರ್ಚಿ ಖಾಲಿಯಾದರೆ ಜನ ಬರುವುದಿಲ್ಲ, ಉಳಿದವನ ತಲೆಗೆ ಅದರ ಚಾರ್ಜ್ ಬರುತ್ತದೆ. ತೆಂಕಲಿಂದ ವರ್ಗವಾಗಿ ಬಂದವರು ಜಾಯಿನ್ ಆದ ಮರುದಿನವೇ ರಜೆ ಬರೆದಿಟ್ಟು ರಾತ್ರಿ ರೈಲು ಹತ್ತುತ್ತಾರೆ. ತಿರುವನಂತಪುರ ಇಲ್ಲಿಂದ 500 ಕಿಲೋಮೀಟರಿಗೂ ಜಾಸ್ತಿ ದೂರ. ಪಾಪ, ಅವರಿಗೂ ಮನೆಮಠ ಉಂಟಲ್ಲ. ಉಳಿದ ಒಬ್ಬ ಗುಮಾಸ್ತ ಮೂರು ಕುರ್ಚಿಯ ಕೆಲಸ ಮಾಡುತ್ತಾನೆ. ಸಂಬಳ ಒಂದೇ ಕುರ್ಚಿಯದ್ದು. ಮೆಟ್‌ಫಾರ್ಮಿನ್ ಅಂದರೆ ಆ ಗುಮಾಸ್ತ.

ಅವನ ಸರ್ವಿಸ್ ಬುಕ್ ಓದಿದರೆ ಮಜಾ ಉಂಟು. ಮೂಲ ಯುರೋಪಿನ ಗಲೀಗಾ ಅಂತ ಒಂದು ಗಿಡ. ಅದರ ಸತ್ವದ ಜಾಡು ಹಿಡಿದು ಹೋದರೆ ಈ ಮದ್ದಿನ ಕುಲ ಸಿಗುತ್ತದೆ. 1922ರಲ್ಲಿ ಡಬ್ಲಿನ್‌ನಲ್ಲಿ ಇಬ್ಬರು ರಸಾಯನ ಶಾಸ್ತ್ರದವರು ಮೆಟ್‌ಫಾರ್ಮಿನ್ ತಯಾರಿಸಿ, ಬರೆದಿಟ್ಟರು. ಮತ್ತೆ ಯಾರೂ ಕೇಳಲಿಲ್ಲ. ತಮಾಷೆ ಅಂದರೆ ಇವನ ಮೊದಲ ಪೋಸ್ಟಿಂಗ್ ಶುಗರ್ ವಿಭಾಗಕ್ಕೆ ಅಲ್ಲವೇ ಅಲ್ಲ. 1950ರ ಹೊತ್ತಿಗೆ ಫಿಲಿಪ್ಪೀನ್ಸ್‌ನ ಡಾಕ್ಟರ್ ಯುಸೇಬಿಯೋ ಗಾರ್ಸಿಯಾ ಇದನ್ನು ಫ್ಲೂ ಜ್ವರಕ್ಕೆ ಕೊಡುತ್ತಿದ್ದರು. ಹೆಸರು ಫ್ಲೂಮಾಮಿನ್. ರಕ್ತದ ಸಕ್ಕರೆ ಇಳಿಯುತ್ತದೆ ಅಂತ ಅವರೂ ಬರೆದಿದ್ದರು. ಅದನ್ನು ಹಿಡಿದುಕೊಂಡು ಪ್ಯಾರಿಸ್‌ನ ಡಾಕ್ಟರ್ ಸ್ಟೆರ್ನ್ 1957ರಲ್ಲಿ ಶುಗರಿನವರಿಗೆ ಕೊಟ್ಟು ವರದಿ ಬರೆದರು. ಗ್ಲೂಕೋಫಾಜ್ ಅಂತ ಹೆಸರಿಟ್ಟರು. ಸಕ್ಕರೆ ತಿನ್ನುವವ ಅಂತ ಅರ್ಥ.

ನಾವು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದರೆ ಸೀನಿಯಾರಿಟಿಯಲ್ಲಿ ಇವನು ನಮಗಿಂತ ಒಂದು ವರ್ಷ ಕಿರಿಯ. ಇಬ್ಬರಿಗೂ ಪ್ರಮೋಷನ್ ಆಗಲಿಲ್ಲ, ಅದು ಬೇರೆ ಮಾತು.

ಆಮೇಲೆ ಒಂದೊಂದೇ ಚಾರ್ಜ್ ಬರಲು ಶುರುವಾಯಿತು. 2005ರಲ್ಲಿ ಸ್ಕಾಟ್ಲೆಂಡಿನವರು ಹಳೆ ದಾಖಲೆ ತಿರುವಿ ನೋಡಿದರು. ಈ ಮಾತ್ರೆ ತಿನ್ನುವ ಶುಗರಿನವರಲ್ಲಿ ಕ್ಯಾನ್ಸರ್ ಕಡಿಮೆ ಕಂಡಿತು. ತಗೋ, ಕ್ಯಾನ್ಸರ್ ವಿಭಾಗದ ಚಾರ್ಜ್. ಮುಂದೆ ಸ್ತನ ಕ್ಯಾನ್ಸರ್ ಆದ, ಶುಗರ್ ಇಲ್ಲದ 3649 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಐದು ವರ್ಷ ಇದನ್ನೇ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಕಾಯಿಲೆ ಮರುಕಳಿಸುವುದರಲ್ಲಿ ವ್ಯತ್ಯಾಸ ಇಲ್ಲ. ಫೈಲ್ ಹೋದ ಹಾಗೆಯೇ ವಾಪಸು ಬಂತು.

2014ರಲ್ಲಿ ಬ್ರಿಟನ್‌ನ ಲೆಕ್ಕ ಒಂದು ಬಂತು. ಈ ಮಾತ್ರೆ ತಿನ್ನುವ ಶುಗರಿನವರು ಶುಗರೇ ಇಲ್ಲದವರಿಗಿಂತ ಜಾಸ್ತಿ ಬದುಕುತ್ತಾರೆ ಅಂತ. ನಮ್ಮ ಚಿಕ್ಕಮ್ಮನ ಪ್ರಾಯ ನಿಲ್ಲುವ ಕಥೆಯ ಬೇರು ಇಲ್ಲೇ ಎಲ್ಲೋ ಇರಬೇಕು. 2022ರಲ್ಲಿ ಡೆನ್ಮಾರ್ಕ್‌ನವರು ಅದೇ ಲೆಕ್ಕವನ್ನು ಇನ್ನೊಮ್ಮೆ ಹಾಕಿದರು, ಹಾಗೆ ಕಾಣಲಿಲ್ಲ. ಆದರೆ ಮೊದಲಿನ ಸುದ್ದಿ ಫಾರ್ವರ್ಡ್ ಆದಷ್ಟು ಎರಡನೆಯದು ಆಗುವುದಿಲ್ಲ ಅಲ್ವಾ? ಚಿಕ್ಕಮ್ಮನಿಗಂತೂ ಪ್ರಾಯ ನಿಂತದ್ದು ಗೊತ್ತಾಗಲಿಲ್ಲ. ಶುರುವಿನಲ್ಲಿ ಹೊಟ್ಟೆ ಕೆಟ್ಟು ಬೆಳಗಿನ ಬಸ್ಸು ಮೂರು ದಿನ ತಪ್ಪಿದ್ದು ಮಾತ್ರ ಇಡೀ ಊರಿಗೆ ಗೊತ್ತಾಯಿತು.

ಕೊರೋನಾಕ್ಕೂ ಇವನನ್ನೇ ಕಳಿಸಿದರು. ತಕ್ಷಣದ ತೊಂದರೆ ತಡೆಯಲು ಆಗಲಿಲ್ಲ. ಆದರೆ ಅಮೆರಿಕದಲ್ಲಿ ದಪ್ಪ ಮೈಯವರಿಗೆ ಆರಂಭದಲ್ಲೇ ಕೊಟ್ಟು ತಿಂಗಳುಗಟ್ಟಲೆ ಕಾದು ನೋಡಿದಾಗ, ಹಿಂದಿನಿಂದ ಕಾಡುವ ಲಾಂಗ್ ಕೋವಿಡ್ ನೂರಕ್ಕೆ 10.4ರ ಬದಲು 6.3 ಮಂದಿಯಲ್ಲಿ ಕಂಡಿತು. ಫ್ಲೂ ವಿಭಾಗದ ಹಳೆ ಕುಳ ಅಲ್ವಾ, ಜ್ವರದ ಕೆಲಸ ಪೂರ್ತಿ ಮರೆತಿಲ್ಲ. ಮುಟ್ಟು ಏರುಪೇರಾಗುವ ಪಿಸಿಓಎಸ್ ತೊಂದರೆ ಇರುವ ಹೆಣ್ಣುಮಕ್ಕಳಿಗಂತೂ ಡಾಕ್ಟರುಗಳು ಇದನ್ನು ವರ್ಷಗಳಿಂದ ಬರೆಯುತ್ತಾ ಇದ್ದಾರೆ.

ಭಾವನ ಗಂಟಿನ ವಿಷಯಕ್ಕೆ ಬರುತ್ತೇನೆ. ಅದು ಗಾಳಿಸುದ್ದಿ ಅಲ್ಲ. 2025ರಲ್ಲಿ ಆಸ್ಟ್ರೇಲಿಯಾದವರು ಮೊಣಕಾಲು ಸವೆದ 107 ಮಂದಿಯನ್ನು ನೋಡಿದರು. ಆರು ತಿಂಗಳು, ದಿನಕ್ಕೆ 2000 ಮಿಲಿಗ್ರಾಂವರೆಗೆ. ಮದ್ದಿಲ್ಲದ ಸುಳ್ಳು ಮಾತ್ರೆ ತಿಂದವರಿಗಿಂತ ಇವರ ನೋವು ಜಾಸ್ತಿ ಇಳಿಯಿತು. ಸಣ್ಣ ಪ್ರಯೋಗ, ಆದರೂ ಒಳ್ಳೆಯ ಸುದ್ದಿಯೇ. ಒಂದೇ ತೊಡಕು. ಆ 107 ಮಂದಿಯೂ ತೂಕ ಜಾಸ್ತಿ ಇದ್ದವರು. ನಮ್ಮ ಭಾವ ಒಣಗಿದ ಅಡಕೆಮರ. ಉಪನಯನದ ಊಟಕ್ಕೆ ಕೂತರೆ ಪಂಕ್ತಿಯಲ್ಲಿ ಅರ್ಧ ಜಾಗ ಉಳಿಯುತ್ತದೆ.

ಇದನ್ನು ಹೇಳಿದ್ದಕ್ಕೆ ಭಾವನಿಗೆ ಸಿಟ್ಟು ಬಂತು. ಕೈ ತೊಳೆಯುವಲ್ಲಿಯೇ ನಿಲ್ಲಿಸಿ ಕೇಳಿದರು.

“ಮೈಲುತುತ್ತು ಅಡಕೆಗೆ ಅಂತ ಹುಟ್ಟಿದ್ದಾ? ದ್ರಾಕ್ಷಿಗೆ ಅಂತ ಬಂದದ್ದು ನಮ್ಮ ಕೊಳೆರೋಗಕ್ಕೆ ಆಗಲಿಲ್ವಾ?”

ಆಯಿತು, ಸರಿಯೇ. ದ್ರಾಕ್ಷಿಯ ರೋಗಕ್ಕೆ ಅಂತಲೂ ಅಲ್ಲ. ಫ್ರಾನ್ಸ್‌ನ ಬೋರ್ಡೋದಲ್ಲಿ ದಾರಿಬದಿಯ ಬಳ್ಳಿಗೆ ಮೈಲುತುತ್ತು, ಸುಣ್ಣ ಕಲಸಿ ಚಿಮುಕಿಸುತ್ತಿದ್ದದ್ದು ಹಾದಿಹೋಕರು ಹಣ್ಣು ಕದಿಯದ ಹಾಗೆ. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಹಿಡಿಯದ್ದು ಮಿಲಾರ್ಡೆ ಎಂಬವರ ಕಣ್ಣಿಗೆ ಬಿತ್ತು. ಕಳ್ಳರ ಕಾವಲಿಗೆ ಇದ್ದವನಿಗೆ ರೋಗದ ಚಾರ್ಜ್. ಆದರೆ ಅವರು ಕಂಡ ದಿನವೇ ಊರಿಗೆಲ್ಲ ಹಂಚಲಿಲ್ಲ. ಕೆಲವು ವರ್ಷ ಬಳ್ಳಿಗಳ ಮೇಲೆ ಬಿಟ್ಟು ನೋಡಿ 1885ರಲ್ಲಿ ಪ್ರಕಟಿಸಿದರು.

ಭಾವನಿಗೂ ಇದು ಗೊತ್ತಿಲ್ಲದ್ದಲ್ಲ. ಕಳೆದ ಮಳೆಗಾಲ ಪೇಟೆಯಿಂದ ಯಾರೋ ಹೊಸ ಮದ್ದು ತಂದು ಹೊಗಳಿದಾಗ ಇವರು ಇಡೀ ತೋಟಕ್ಕೆ ಬಿಡಲಿಲ್ಲ. ಕೆರೆ ಬದಿಯ ಹತ್ತು ಮರಕ್ಕೆ ಹೊಸತು. ಪಕ್ಕದ ಹತ್ತು ಮರಕ್ಕೆ ಹಳೇ ಪಾಕ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರದ ಬುಡದಲ್ಲಿ ಉದುರಿದ ಎಳೆ ಅಡಕೆಯನ್ನು ಎರಡು ಬುಟ್ಟಿಯಲ್ಲಿ ಬೇರೆ ಬೇರೆ ಹೆಕ್ಕಿ, ಜಗಲಿಯಲ್ಲಿ ಕೂತು ಎಣಿಸಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ಎರಡು ಬುಟ್ಟಿಯೂ ಸಮ. ಹೊಸ ಮದ್ದಿನ ಡಬ್ಬ ಈಗ ಕೊಟ್ಟಿಗೆಯಲ್ಲಿ ಉಂಟು. ಅಡಕೆಮರಕ್ಕೆ ಇಷ್ಟು ಮರ್ಯಾದೆ. ತನ್ನ ಸ್ವಂತ ಮೂತ್ರಪಿಂಡಕ್ಕೆ ಇಲ್ಲ. ಅದು ಸರಿ ಇಲ್ಲದವರು ಈ ಮಾತ್ರೆ ತಿಂದರೆ ರಕ್ತದಲ್ಲಿ ಆಮ್ಲ ಏರುವ ಭಯ ಉಂಟು. ವರ್ಷಗಟ್ಟಲೆ ತಿಂದರೆ ಬಿ12 ಇಳಿಯುತ್ತದೆ, ಕಾಲು ಜುಮ್ಮೆನ್ನುತ್ತದೆ.

“ಇದೆಲ್ಲ ಮಾತ್ರೆಯ ಒಳಗಿನ ಕಾಗದದಲ್ಲಿ ಬರೆದಿರುತ್ತಾರೆ ಭಾವ.”

“ಯಾವ ಭಾಷೆಯಲ್ಲಿ?”

ಅಲ್ಲಿ ನಾನು ಸೋತೆ. ಕಾಗದ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಷರ. ಆರೋಗ್ಯ ಕೇಂದ್ರದ ಬೋರ್ಡು ಮಲಯಾಳದಲ್ಲಿ. ಭಾವ ಓದಿದ್ದು ಕನ್ನಡ ಮೀಡಿಯಂ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇಷ್ಟು ವರ್ಷ ಮದ್ದಿನ ಬಗ್ಗೆ ಮಾತಾಡಿದ್ದು ವಾಟ್ಸಾಪ್ ಒಂದೇ. ಅದಾದರೂ ಕೊನೆಗೆ ಕೈ ಮುಗಿಯುವ ಚಿತ್ರ ಹಾಕಿ ಮರ್ಯಾದೆಯಲ್ಲಿ ಮುಗಿಸುತ್ತದೆ.

ಹಾಗೆಂದು ಲೋಕದ ದೊಡ್ಡವರು ನಮ್ಮ ಭಾವನಿಗಿಂತ ಬುದ್ಧಿವಂತರಾ? ಪ್ರಾಯದ ಕಾಯಿಲೆಗಳನ್ನು ಮೆಟ್‌ಫಾರ್ಮಿನ್ ಮುಂದೂಡುತ್ತದಾ ಅಂತ ಸರಿಯಾಗಿ ನೋಡಲು ಅಮೆರಿಕದ ಡಾಕ್ಟರ್ ನೀರ್ ಬಾರ್ಜಿಲೈ ಮತ್ತು ಸಂಗಡಿಗರು ಯೋಜನೆ ಹಾಕಿದ್ದಾರೆ. 65ರಿಂದ 79 ಪ್ರಾಯದ 3000 ಮಂದಿ, ಆರು ವರ್ಷ, 14 ಕಡೆ. ಅಲ್ಲಿನ ಔಷಧ ಇಲಾಖೆಯ ಜತೆ ಮಾತುಕತೆ ಆದದ್ದು 2015ರಲ್ಲಿ. ಬೇಕಾದದ್ದು ಕೆಲವು ಕೋಟಿ ಡಾಲರ್. ಹತ್ತು ವರ್ಷ ಕಳೆದರೂ ಅಷ್ಟು ದುಡ್ಡು ಒಟ್ಟಾಗಲಿಲ್ಲ. ಕಾರಣ ನಮ್ಮ ಅಂಗಡಿಯವರಿಗೂ ಗೊತ್ತು. ಒಂದೆರಡು ರೂಪಾಯಿಯ ಮಾತ್ರೆ. ಪೇಟೆಂಟ್ ಇಲ್ಲ. ಗೆದ್ದರೂ ಲಾಭ ಯಾರ ಕಿಸೆಗೂ ಹೋಗುವುದಿಲ್ಲ. ಗುಮಾಸ್ತನಿಗೆ ಎಲ್ಲ ವಿಭಾಗದ ಚಾರ್ಜ್ ಕೊಡುತ್ತಾರೆ, ಬಸ್ ಚಾರ್ಜ್ ಕೊಡುವುದಿಲ್ಲ.

ಅದೇ ಶುಗರ್ ವಿಭಾಗಕ್ಕೆ ಇತ್ತೀಚೆಗೆ ಬಂದ ಸೆಮಾಗ್ಲುಟೈಡ್ ಎಂಬ ಹೊಸ ಮದ್ದಿನ ಸಾಹೇಬರನ್ನು ನೋಡಿ. ಅಮೆರಿಕದಲ್ಲಿ 2017ರಲ್ಲಿ ಶುಗರಿಗೆ ಜಾಯಿನ್ ಆದರು, 2021ರಲ್ಲಿ ತೂಕ ಇಳಿಸುವ ವಿಭಾಗಕ್ಕೆ ಪ್ರಮೋಷನ್. ಪೇಟೆಂಟ್ ಎಂಬ ಕೆಂಪು ದೀಪದ ಕಾರು ಇತ್ತು. ಹೃದಯಕ್ಕೆ ಆಗುತ್ತದಾ ಅಂತ ನೋಡಲು ಕಂಪನಿಯೇ ದುಡ್ಡು ಹಾಕಿ 17,604 ಮಂದಿಯನ್ನು ಸೇರಿಸಿತು. ಆಯಿತು, ಹೃದಯಾಘಾತ ಕಡಿಮೆಯಾಯಿತು. ಮರೆವಿನ ಕಾಯಿಲೆಗೂ ಕಳಿಸಿದರು, 2025ರ ನವೆಂಬರಿನಲ್ಲಿ ಆಗುವುದಿಲ್ಲ ಅಂತ ಗೊತ್ತಾಯಿತು. ಆಗುವುದಿಲ್ಲ ಅಂತ ತಿಳಿಯಲಿಕ್ಕೂ ದುಡ್ಡು ಬೇಕು. ಮೆಟ್‌ಫಾರ್ಮಿನ್‌ನ ಗಂಟಿಗೆ 107, ಸಾಹೇಬರ ಹೃದಯಕ್ಕೆ 17,604. ಹೊಸ ಮದ್ದಿಗೆ ಇಡೀ ತೋಟ, ಹಳೆ ಮದ್ದಿಗೆ ಹತ್ತು ಮರವೂ ಇಲ್ಲ.

ಮರುವಾರ ಮಾಷ್ಟ್ರು ಆರೋಗ್ಯ ಕೇಂದ್ರಕ್ಕೆ ಹೋದರು. ಶುಗರಿನ ಮಾತ್ರೆ ಅಲ್ಲಿ ಧರ್ಮಕ್ಕೆ ಸಿಗುತ್ತದೆ. ಆ ದಿನ ಸ್ಟಾಕ್ ಇರಲಿಲ್ಲ. ಯಾವಾಗ ಬರುತ್ತದೆ ಅಂತ ಕೇಳಲು ಮದ್ದು ಕೊಡುವವರೂ ಇರಲಿಲ್ಲ. ಅವರಿಗೆ ಇನ್ನೊಂದು ಕೇಂದ್ರದ ಚಾರ್ಜ್ ಕೂಡ ಉಂಟಂತೆ, ಬುಧವಾರ ಅಲ್ಲಿ. ಮಾಷ್ಟ್ರು ಬಿಸಿಲಲ್ಲಿ ನಡೆದು ಭಾವನ ಮನೆಗೆ ಬಂದು ಜಗಲಿಯಲ್ಲಿ ಕೂತರು. ಬೆಲ್ಲ ನೀರು ಬೇಡ ಅಂದರು. ವಿಷಯ ಹೇಳಿದರು.

ಭಾವ ಒಳಗೆ ಹೋಗಿ ಒಂದು ಸ್ಟ್ರಿಪ್ ತಂದರು. ಹತ್ತು ಮಾತ್ರೆ. ಕ್ಯಾಲೆಂಡರ್ ತಿರುಗಿಸಿ, ಅಡಕೆಯ ಲೆಕ್ಕದ ಕೆಳಗೆ ಮಾಷ್ಟ್ರ ಹೆಸರು ಬರೆದು ಮುಂದೆ 10 ಅಂತ ಹಾಕಿದರು.

“ಬಿಸು ಹಬ್ಬದ ಮೊದಲು ವಾಪಸು ಕೊಟ್ಟರೆ ಸಾಕು ಮಾಷ್ಟ್ರೇ.”