ಸೆಮಿನಾರ್ ಹಾಲಿನಲ್ಲಿ ಹಳೆಯ ಕಾಲೇಜು ಕಾಮಿಡಿ: ಹಾಕಬೇಕೆ, ಬೇಡವೆ?

ಪರ: ಹಾಕಬೇಕು

ದಾವಣಗೆರೆ ಓದುವ ಮಕ್ಕಳ ಊರು. ಶನಿವಾರ ಸಂಜೆ ಹಾಸ್ಟೆಲ್ಲಿನ ಒಂದೇ ರೂಮಿನಲ್ಲಿ ನಾಲ್ಕು ಮೊಬೈಲು, ನಾಲ್ಕು ಸಿನಿಮಾ. ಎಂಬತ್ತು-ತೊಂಬತ್ತರ ದಶಕದ ಕಾಲೇಜು ಹಾಸ್ಯಚಿತ್ರಗಳನ್ನು ಹಾಗೆ ನೋಡಿದರೆ ರುಚಿ ಹತ್ತುವುದಿಲ್ಲ. ಅವನ್ನು ಕಟ್ಟಿದ್ದೇ ತುಂಬಿದ ಟಾಕೀಸಿಗೆ. ಜನ ನಗುತ್ತಾರೆಂದು ಲೆಕ್ಕ ಹಾಕಿ, ಮುಂದಿನ ಮಾತಿಗೆ ಮುಂಚೆ ಎರಡು ಸೆಕೆಂಡು ಬಿಡುವು ಬಿಡುತ್ತಿದ್ದರು. ಒಬ್ಬನೇ ಕೂತವನಿಗೆ ಅದು ಎಳೆದಂತೆ ಕಾಣುತ್ತದೆ. ಐವತ್ತು ಮಂದಿ ಕೂತ ಕಡೆ ನಗು ಆ ಜಾಗಕ್ಕೇ ಬಂದು ಬೀಳುತ್ತದೆ.

ಕಥೆಯೂ ಸಣ್ಣದೇ: ಖರ್ಚಾಗಿಹೋದ ಫೀಸಿನ ದುಡ್ಡು, ಯಾರದೋ ಕೈ ಸೇರಿದ ಪತ್ರ, ಮನೆಗೊಂದೇ ಲ್ಯಾಂಡ್‌ಲೈನು, ರಿಸೀವರ್ ಎತ್ತಿದ್ದು ಹುಡುಗಿಯ ಅಪ್ಪ. ಮೊಬೈಲಿದ್ದಿದ್ದರೆ ಎರಡು ನಿಮಿಷದಲ್ಲಿ ಬಗೆಹರಿಯುತ್ತಿದ್ದ ಗೊಂದಲ ಎರಡು ಗಂಟೆ ಓಡುತ್ತದೆ. ರ‍್ಯಾಂಕು, ಪ್ಲೇಸ್‌ಮೆಂಟು ಎಂದು ಬೆಂದ ಮಕ್ಕಳಿಗೆ, ಫೇಲಾದರೂ ಮನೆ ಮುಳುಗದ ಆ ಲೋಕ ಒಂದು ಸಂಜೆಯಾದರೂ ಸಿಗಲಿ.

ತೋರಿಸುವುದಾದರೆ ನೆಟ್ಟಗೆ ತೋರಿಸಬೇಕು. ಟಿವಿಗೆಂದು ಕತ್ತರಿಸಿದ ಪ್ರತಿ ಬೇಡ. ಎತ್ತರದ 2.35 ಪಟ್ಟು ಅಗಲವಿರುವ (2.35:1) ಸಿನಿಮಾಸ್ಕೋಪ್ ಚಿತ್ರವನ್ನು ಹಳೆಯ ಟಿವಿಯ 4:3 ಅಳತೆಗೆ ಇಳಿಸಿದರೆ ಶೇ 43ರಷ್ಟು ಚಿತ್ರ ಹೊರಗೆ ಉಳಿಯುತ್ತದೆ. ನಾಯಕ ಬಡಾಯಿ ಕೊಚ್ಚುವಾಗ ಅಂಚಿನಲ್ಲಿ ನಿಂತ ಗೆಳೆಯ ಸುಮ್ಮನೆ ಹುಬ್ಬೇರಿಸುತ್ತಾನಲ್ಲ, ನಗು ಇರುವುದೇ ಆ ಹುಬ್ಬಿನಲ್ಲಿ. ಕತ್ತರಿಗೆ ಮೊದಲು ಸಿಗುವುದೂ ಅದೇ. ಹತ್ತು ಅಡಿ ಅಗಲದ ಪರದೆಯಲ್ಲಿ ಪೂರ್ತಿ ಚಿತ್ರದ ಎತ್ತರ ನಾಲ್ಕೂಕಾಲು ಅಡಿ ಬರುತ್ತದೆ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ, ಇಲ್ಲವಾದರೆ ಹಿಂದೆ ಕೂತವರಿಗೆ ಕಾಣುವುದು ಮುಂದಿನವರ ತಲೆ. ಸ್ಪೀಕರನ್ನು ಪರದೆಯ ಎರಡೂ ಬದಿಗಿಟ್ಟು ವೈರಿನಲ್ಲೇ ಜೋಡಿಸಿ. ಬ್ಲೂಟೂತಿನಲ್ಲಿ ಧ್ವನಿ 0.2 ಸೆಕೆಂಡು ತಡವಾದರೆ, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಐದು ಫ್ರೇಮು ಹಿಂದೆ ಬಿತ್ತು. ಕಪಾಳಕ್ಕೆ ಕೈ ತಾಗಿ ಆದಮೇಲೆ ಏಟಿನ ಸದ್ದು ಕೇಳುತ್ತದೆ.

ಸಿನಿಮಾದ ಹಕ್ಕುಸ್ವಾಮ್ಯ 60 ವರ್ಷ. ಕಾಲೇಜಿನ ಚಟುವಟಿಕೆಯಾಗಿ ವಿದ್ಯಾರ್ಥಿ, ಸಿಬ್ಬಂದಿ, ಪೋಷಕರಿಗಷ್ಟೇ ತೋರಿಸಲು 1957ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಊರಿನವರನ್ನೆಲ್ಲ ಕರೆಯುವುದಾದರೆ ಹಕ್ಕುದಾರರ ಅನುಮತಿ ಬೇಕು.

ವಿರೋಧ: ಬೇಡ

ಆ ಎರಡು ಸೆಕೆಂಡಿನ ಬಿಡುವಿನಲ್ಲಿ ಜನ ನಗುತ್ತಿದ್ದುದು ಯಾವುದಕ್ಕೆ, ಅದನ್ನೂ ಲೆಕ್ಕ ಹಾಕಬೇಕು. ಎಷ್ಟೋ ಚಿತ್ರಗಳಲ್ಲಿ ಅದು ಬಸ್ ಸ್ಟಾಪಿನಿಂದ ಹುಡುಗಿಯ ಬೆನ್ನು ಬೀಳುವುದಕ್ಕೆ. ಅವಳು ಬೈದಷ್ಟೂ ಅವನದು ಜಾಸ್ತಿ. ಇಂಟರ್‌ವಲ್ ಹೊತ್ತಿಗೆ ಅವಳೇ ಒಲಿದಿರುತ್ತಾಳೆ. ಹೀಗೆ ಬೆನ್ನು ಬೀಳುವುದು ಭಾರತೀಯ ದಂಡ ಸಂಹಿತೆಗೆ 2013ರಲ್ಲಿ ಆದ ತಿದ್ದುಪಡಿಯಿಂದ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು. ಸೆಮಿನಾರ್ ಹಾಲಿನಲ್ಲಿ ಆ ದೃಶ್ಯಕ್ಕೆ ಹಿಂದಿನ ಬೆಂಚಿನಿಂದ ಶಿಳ್ಳೆ ಬೀಳುವಾಗ ಮುಂದೆ ಹುಡುಗಿಯರು ಕೂತಿರುತ್ತಾರೆ. ಸೋಮವಾರ ಅದೇ ಹುಡುಗರ ಜೊತೆ ಅವರು ಲ್ಯಾಬಿನಲ್ಲಿ ನಿಲ್ಲಬೇಕು.

ಉಗ್ಗುವ ಮೇಷ್ಟ್ರು, ದಪ್ಪ ಹುಡುಗಿ, ಹಳ್ಳಿ ಮಾತಿನ ಹೊಸಬ ಇವರೂ ನಗುವಿನ ಸರಕು. ಹಳ್ಳಿ ಮಾತಿನ ತಮಾಷೆ ನಮ್ಮ ಕಡೆ ಹೆಚ್ಚು ಚುಚ್ಚುತ್ತದೆ, ಏಕೆಂದರೆ ಜಗಳೂರಿನಿಂದಲೋ ಹೊಳಲ್ಕೆರೆಯಿಂದಲೋ ಬಂದ ಮಗು ಮೊದಲ ಸೆಮಿಸ್ಟರಿನಲ್ಲಿ ಬಾಯಿ ಬಿಡಲೇ ಹೆದರುತ್ತಿರುತ್ತದೆ.

ಅಮೆರಿಕದಲ್ಲೂ ಇದೇ ಪಾಡು. 1984ರ 'ಸಿಕ್ಸ್‌ಟೀನ್ ಕ್ಯಾಂಡಲ್ಸ್'ನಲ್ಲಿ ಏಷ್ಯಾದ ವಿದ್ಯಾರ್ಥಿಯನ್ನು ನಗೆಪಾಟಲು ಮಾಡಲು ಜಾಗಟೆ ಬಾರಿಸುತ್ತಾರೆ. ಅದರ ನಾಯಕಿ ಮಾಲಿ ರಿಂಗ್‌ವಾಲ್ಡ್ 2018ರಲ್ಲಿ, ಆ ಕಾಲದ ತಮ್ಮ ಚಿತ್ರಗಳು ಹೆಣ್ಣನ್ನು ನಡೆಸಿಕೊಂಡ ಬಗೆ ತಮ್ಮನ್ನು ಕಾಡುತ್ತದೆಂದು ಬರೆದರು.

ಕೆಟ್ಟದ್ದನ್ನು ಕತ್ತರಿಸಿ ತೋರಿಸುತ್ತೇವೆ ಎನ್ನುವವರಿದ್ದಾರೆ. ಅದು ಆಗದ ಕೆಲಸ. ಮೊದಲರ್ಧದಲ್ಲಿ ಚುಡಾಯಿಸಿದ್ದನ್ನು ತೆಗೆದರೆ ಕೊನೆಯಲ್ಲಿ ಅವಳು ಕ್ಷಮಿಸುವುದು ಏನನ್ನು? ಹಾಸ್ಯದ ಎಳೆಗಳು ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಪಟ್ಟು ಬಿಡದೆ ಹಾಕಲೇಬೇಕೆನ್ನುವವರು ಮೊದಲು ನಾಲ್ಕು ಮಂದಿ ಹುಡುಗಿಯರಿಗೆ ಇಡೀ ಚಿತ್ರ ತೋರಿಸಲಿ. ಅವರು ಬೇಡವೆಂದರೆ ಆ ಚಿತ್ರ ಬೇಡ.